ಗ್ರಾಫೈಟ್ ಪುಡಿ ನೊರೆ ಬಿಟ್ಟ ದಿನ

ನಾನು ನಿವೃತ್ತನಾಗಲು ಒಂದೇ ವರ್ಷ ಬಾಕಿಯಿತ್ತು. ಹೈದರಾಬಾದಿನ ಕೊಂಡಾಪುರದ ಒಂದು ಖನಿಜ ಸಲಹಾ ಸಂಸ್ಥೆಯಲ್ಲಿ ಹಿರಿಯ ಭೂವಿಜ್ಞಾನಿಯಾಗಿದ್ದೆ. ಎಲ್ಲೆಡೆ ಎಲೆಕ್ಟ್ರಿಕ್ ಕಾರುಗಳದೇ ಮಾತು. ಅವುಗಳ ಬ್ಯಾಟರಿಗೆ ಗ್ರಾಫೈಟ್ ಬೇಕು. ಹಾಗಾಗಿ, ಅದನ್ನು ಪೆನ್ಸಿಲ್ ಕಡ್ಡಿಯೆಂದಷ್ಟೇ ಬಲ್ಲವರೂ ಗಣಿಯಲ್ಲಿ ಹಣ ಹೂಡಲು ಮುಂದಾಗಿದ್ದರು.

ಹಾಗೆ ಬಂದವರು ಮೆಹದಿಪಟ್ಟಣಂನ ವೆಂಕಟರಾವ್ ದೇಶಪಾಂಡೆ, ನಿವೃತ್ತ ನೀರಾವರಿ ಎಂಜಿನಿಯರ್. ಅವರೂ ಮೂವರು ಗೆಳೆಯರೂ ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ತೆಲಂಗಾಣದ ಒಂದು ಗುಡ್ಡದ ಗಣಿಯಲ್ಲಿ ತೊಡಗಿಸುವವರಿದ್ದರು. ಗಣಿಯ ಮಾಲೀಕರ ವರದಿಯಲ್ಲಿ ಕಾರ್ಬನ್ ನೂರಕ್ಕೆ ಒಂಬತ್ತು ಎಂದಿತ್ತು. ಒಳ್ಳೆಯ ಅದಿರೇ. ನಾನೂ ಗುಡ್ಡ ಹತ್ತಿ, ಮುಟ್ಟಿದರೆ ಬೆರಳು ಕಪ್ಪಾಗುವ ಕಲ್ಲುಗಳನ್ನು ಚೀಲಗಳಲ್ಲಿ ತುಂಬಿ ತಂದೆ. ನಮ್ಮ ಪ್ರಯೋಗಾಲಯದ ಯಂತ್ರವೂ ಒಂಬತ್ತನ್ನೇ ತೋರಿಸಿತು. ‘ಹೂಡಿಕೆಗೆ ಯೋಗ್ಯ’ ಎಂದು ವರದಿ ಸಿದ್ಧಪಡಿಸಿ ದೇಶಪಾಂಡೆಯವರನ್ನು ಕರೆಸಿದೆ.

ಅವರು ಬರುವ ದಿನ ಬೆಳಿಗ್ಗೆ ಸುಶೀಲಾಬಾಯಿ ನನ್ನ ಟೇಬಲ್ಲಿನ ಎದುರು ಬಂದು ನಿಂತರು. ಕಲಬುರಗಿ ಕಡೆಯವರು. ಪ್ರಯೋಗಾಲಯದಲ್ಲಿ ಕಲ್ಲು ಪುಡಿಮಾಡಿ, ತೂಗಿ, ಯಂತ್ರಕ್ಕೆ ಕೊಡುವ ಕೆಲಸ ಅವರದು. ಕೈಯಲ್ಲಿ ಗಾಜಿನ ತಟ್ಟೆಯಿತ್ತು.

“ಸರ್, ಸಹಿ ಮಾಡೂಕಿಂತ ಮೊದಲ ಇದನ್ನೊಮ್ಮೆ ನೋಡ್ರಿ. ತಾಟ ತೊಳಿಯೂ ಮುಂದ ಆಸಿಡ್ ಬಿತ್ತು. ಪುಡಿ ನೊರಿ ಬಿಡಾಕತ್ತೈತಿ.”

“ಏನರ ಧೂಳು ಕೂಡಿರಬೇಕು, ಬಿಡ್ರಿ ಬಾಯಾರ” ಎಂದೆ, ತುಸು ಅಸಹನೆಯಿಂದಲೇ.

ಅವರು ಕದಲಲಿಲ್ಲ. “ಧೂಳು ಇಷ್ಟು ನೊರಿ ಬಿಡಂಗಿಲ್ರಿ. ಗ್ರಾಫೈಟಿಗೆ ಆಸಿಡ್ ಹಾಕಿದ್ರ ಸುಮ್ನ ಇರಬೇಕಲ್ಲರಿ? ಮೂರು ಚೀಲದ ಪುಡಿಗೂ ಹಾಕಿ ನೋಡೀನಿ. ಮೂರೂ ಹಂಗ ಅದಾವ.”

ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ನೋಡಿದೆ. ಆಸಿಡ್ಡಿಗೆ ಹೀಗೆ ನೊರೆ ಬಿಡುವುದು ಸುಣ್ಣದ ಕಲ್ಲು. ಅದರಲ್ಲೂ ಕಾರ್ಬನ್ ಇರುತ್ತದೆ; ಯಂತ್ರ ಎರಡರ ಕಾರ್ಬನ್ನನ್ನೂ ಕೂಡಿಸಿ ತೋರಿಸುತ್ತದೆ. ಬ್ಯಾಟರಿಗೆ ಬೇಕಾದದ್ದು ಗ್ರಾಫೈಟಿನ ಕಾರ್ಬನ್ ಮಾತ್ರ. ಮೊದಲು ಆಸಿಡ್ಡಿನಲ್ಲಿ ಸುಣ್ಣ ಕರಗಿಸಿ, ಉಳಿದದ್ದನ್ನು ಅಳೆಯಬೇಕಿತ್ತು. ಹೊಸಬರಿಗೆ ನಾನೇ ಕಲಿಸುತ್ತಿದ್ದ ಪಾಠವಿದು. ಮಾಲೀಕರ ಅಂಕಿಗೆ ನಮ್ಮದು ತಾಳೆಯಾಯಿತೆಂಬ ಸಮಾಧಾನದಲ್ಲಿ ಮರೆತಿದ್ದೆ. ಮಧ್ಯಾಹ್ನದೊಳಗೆ ಇಬ್ಬರೂ ಕೂಡಿ ಮತ್ತೆ ಪರೀಕ್ಷೆ ಮಾಡಿದೆವು. ಒಂಬತ್ತು ನಾಲ್ಕಕ್ಕೆ ಇಳಿದಿತ್ತು. ಅಷ್ಟರಲ್ಲಿ ಗಣಿಯ ಖರ್ಚೂ ಹುಟ್ಟುವಂತಿರಲಿಲ್ಲ.

ದೇಶಪಾಂಡೆಯವರಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ. ಮಾಲೀಕರು ಮೋಸ ಮಾಡಿದ್ದರೆಂದಲ್ಲ, ಅವರೂ ಅದೇ ಅರೆಬರೆ ಪರೀಕ್ಷೆಯನ್ನು ನಂಬಿದ್ದರು. ದೇಶಪಾಂಡೆ ಮಾಲೀಕರ ವರದಿಯನ್ನು ಮಡಚಿ ಬದಿಗಿಟ್ಟರು.

“ಹಂಗಾರ ಬ್ಯಾಡ ಅಂತೀರೇನು?”

“ಈ ಗಣಿ ಬ್ಯಾಡ್ರಿ.”

“ಇದನ್ನ ಕಂಡು ಹಿಡಿದವರು ಯಾರ್ರೀ?”

ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ. ಅವರು ಸುಶೀಲಾಬಾಯಿಯವರಿಗೆ ಕೈಮುಗಿದರು. ಆಕೆ ಗಾಬರಿಯಾಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಅಯ್ಯ, ನನಗ್ಯಾಕ ಕೈ ಮುಗೀತೀರಿ? ನಾ ತಾಟ ತೊಳಿಯಾಕ ಹೋಗಿದ್ದೆರಿ” ಎಂದರು.

ಹೊಸ ವರದಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅವರ ಹೆಸರನ್ನೂ ಟೈಪ್ ಮಾಡಿಸಿದೆ. ನಮ್ಮ ಸಂಸ್ಥೆಯಲ್ಲಿ ಆ ರೂಢಿ ಇರಲಿಲ್ಲ, ಆದರೂ ಯಾರೂ ಬೇಡವೆನ್ನಲಿಲ್ಲ.

ಉಳಿದ ಆ ಒಂದು ವರ್ಷ, ಯಾವ ವರದಿಗೂ ಸಹಿ ಹಾಕುವ ಮೊದಲು ಪ್ರಯೋಗಾಲಯಕ್ಕೆ ನಾನೇ ನಡೆದುಹೋಗಿ, “ಬಾಯಾರ, ಏನರ ಕಂಡೈತೇನ್ರಿ?” ಎಂದು ಕೇಳುತ್ತಿದ್ದೆ. ಹೆಚ್ಚಿನ ಸಲ “ಏನಿಲ್ರಿ ಸರ್” ಎಂಬ ಉತ್ತರವೇ ಬರುತ್ತಿತ್ತು. ಆದರೂ ಕೇಳುವುದನ್ನು ಬಿಡಲಿಲ್ಲ. ಇಷ್ಟು ಸಣ್ಣ ಕೆಲಸವನ್ನು ಕಲಿಯಲು ನನಗೆ ಇಡೀ ವೃತ್ತಿಜೀವನ ಹಿಡಿಯಿತು. ಕಲಿಸಿದವರು ಸಿಕ್ಕರಲ್ಲ ಎಂಬುದೇ ನನ್ನ ಪುಣ್ಯ.