ತೂಗುಮಣೆಯ ಮೇಲಿನ ಬೀಸುಕಲ್ಲು

ಟೈರ್ ಅಂಗಡಿಯವನು ಚಕ್ರದಿಂದ ಕಿತ್ತೆಸೆದ ಸೀಸದ ತುಂಡೊಂದು ಜಾರಿ ಬಂದು ನನ್ನ ಚಪ್ಪಲಿಗೆ ತಾಗಿತು. ಬಗ್ಗಿ ಎತ್ತಿಕೊಂಡೆ. ಹುಣಸೆಬೀಜದಷ್ಟಿತ್ತು, ಆದರೂ ಅಂಗೈಗೆ ಭಾರ. ಮೊಮ್ಮಗನ ಕಾರಿನ ಸ್ಟೇರಿಂಗ್ ನಡುಗುತ್ತದೆ ಎಂದು ಕಲಬುರಗಿಯ ಆ ಅಂಗಡಿಗೆ ಹೋಗಿದ್ದೆವು. ಯಂತ್ರ ಚಕ್ರವನ್ನು ಗರಗರ ತಿರುಗಿಸಿತು. ಪರದೆಯ ಮೇಲೆ ಚಕ್ರದ ಚಿತ್ರ ಬಂತು, ಯಾವ ಕಡೆ ಭಾರ ಹೆಚ್ಚು ಎಂದು ಅಂಕಿಯೂ ಬಂತು. ಒಂದು ನಿಮಿಷದ ಕೆಲಸ. ನನಗೆ ಮಾತ್ರ ಎಲ್ಲಿಂದಲೋ ಕಲಸಿದ ಜೋಳದ ಹಿಟ್ಟಿನ ವಾಸನೆ ಬಂದಂತಾಯಿತು...

ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾಗಿತ್ತೋ, ಎರಡಾಗಿತ್ತೋ. ನಮ್ಮ ಊರು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ದಂಡಿನವರು ಹರಾಜಿಗೆ ಹಾಕಿದ ಹಳೆಯ ಲಾರಿಯೊಂದನ್ನು ನಮ್ಮ ಸಾವುಕಾರರು ಹಿಡಿದಿದ್ದರು. ಅದರ ಡ್ರೈವರೂ ನಾನೇ, ಮೇಸ್ತ್ರಿಯೂ ನಾನೇ. ಕಮಲಾಪುರದ ಕೆಂಪು ಬಾಳೆಗೊನೆ ತುಂಬಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ತರುವುದು ಕೆಲಸ. ಇಪ್ಪತ್ತೆರಡರ ವಯಸ್ಸು, ಕೈಯಲ್ಲಿ ಸ್ಪ್ಯಾನರು. ನನ್ನಂಥವನು ಊರಲ್ಲೇ ಇಲ್ಲ ಅಂದುಕೊಂಡಿದ್ದೆ.

ಆ ಸೊಕ್ಕು ಮುರಿಯಲೆಂದೇ ಲಾರಿಯ ಮುಂದಿನ ಗಾಲಿ ನಡುಗಲು ಶುರುವಾಯಿತು. ಕಂಪಿಸುವ ಸ್ಟೇರಿಂಗ್ ಹಿಡಿದು ಮೊಣಕೈ ಸೋಲುತ್ತಿತ್ತು. ಹಿಂದೆ ಗೊನೆಗೆ ಗೊನೆ ತಿಕ್ಕಿ, ಗಂಜ್ ಮುಟ್ಟುವ ಹೊತ್ತಿಗೆ ಅರ್ಧ ಹಣ್ಣು ಕಪ್ಪಾಗಿರುತ್ತಿತ್ತು. ಗಾಲಿಯ ಮೇಲಿನ ಸ್ಪ್ರಿಂಗ್ ಪಾಟಾ ಬಿಚ್ಚಿದೆ, ಬೇರಿಂಗ್ ತೊಳೆದೆ, ನಟ್ಟೆಲ್ಲ ಬಿಗಿದೆ. ಯಾವುದಕ್ಕೂ ಜಗ್ಗಲಿಲ್ಲ.

ಸಾವುಕಾರರು ಒಂದು ದಿನ ಕಪ್ಪಾದ ಹಣ್ಣೊಂದನ್ನು ನನ್ನ ಕೈಗಿಟ್ಟರು. "ಮುಂದಿನ ಸ್ವಾಮಾರ ಮಾಲು ಹಿಂಗೇ ಬಂದ್ರ ಬ್ಯಾರೆ ಮೇಸ್ತ್ರಿ ನೋಡ್ತೀನಪಾ" ಅಂದರು. ಅವರು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ತಣ್ಣಗೆ ಹೇಳಿದರು.

ನಮ್ಮ ಪಕ್ಕದ ಮನೆಯಲ್ಲಿ ಕಲ್ಲು ಕಟೆಯುವ ಕಾಕಿ ಇದ್ದಳು. ಬೀಸುಕಲ್ಲು ಸವೆದು ನುಣ್ಣಗಾದರೆ ಉಳಿ, ಸುತ್ತಿಗೆ ಹಿಡಿದು ಅದರ ಮೈಗೆ ಮತ್ತೆ ಮುಳ್ಳು ಎಬ್ಬಿಸಿಕೊಡುವುದು ಆಕೆಯ ಕಸುಬು. ಕಮಲಾಪುರಕ್ಕೂ ಹೋಗಿ ಓಣಿ ಓಣಿ ಕೂಗುತ್ತಿದ್ದಳು, ವಾಪಸು ಬರುವಾಗ ನನ್ನ ಲಾರಿ ಹತ್ತುತ್ತಿದ್ದಳು. ಆ ವಾರ ನನ್ನ ಪಕ್ಕದಲ್ಲಿ ಕೂತವಳು ಒಮ್ಮೆಲೇ ಕೇಳಿದಳು:

"ತಮ್ಮಾ, ಹಗೂರ ಹೋದ್ರ ನಡಗವಲ್ದು, ಜೋರ್ ಬಿಟ್ರೂ ನಡಗವಲ್ದು. ನಡುವ್ನ್ಯಾಗ ಅಷ್ಟೇ ಯಾಕ ನಡಗ್ಲಾಕತ್ತದ?"

ನನಗೆ ಕೆನ್ನೆಗೆ ಹೊಡೆದಂತಾಯಿತು. ತಿಂಗಳುಗಟ್ಟಲೆ ಓಡಿಸಿದವನು ನಾನು! ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ತುಂಬಿದ ಲಾರಿ ಆ ರಸ್ತೆಯಲ್ಲಿ ಹೆಚ್ಚುಕಮ್ಮಿ ಆ ನಡುವಿನ ವೇಗದಲ್ಲೇ ಓಡಬೇಕು, ಹಾಗಾಗಿ ಯಾವಾಗಲೂ ನಡುಗುತ್ತದೆ ಅಂದುಕೊಂಡಿದ್ದೆ. "ನಿನಗೇನ್ ತಿಳೀತದ ಕಾಕಿ, ಸುಮ್ನ ಕುಂದ್ರು" ಅಂದೆ. ಆಕೆ ಮುಂದಿನ ಗಾಲಿಯ ಕಡೆ ಬಗ್ಗಿ ನೋಡತೊಡಗಿದಳು. ನನ್ನ ಹೊಟ್ಟೆಯೊಳಗೆ ಮಾತ್ರ ಕಿಚ್ಚು ಹತ್ತಿತ್ತು.

ಮರುದಿನ ಬೆಳಿಗ್ಗೆ ಆಕೆಯೇ ಕರೆದಳು. ಅಂಗಳದ ಬೇವಿನ ಮರಕ್ಕೆ ನಾಲ್ಕು ಹಗ್ಗದಲ್ಲಿ ಒಂದು ಮಣೆ ತೂಗುಹಾಕಿದ್ದಳು. ಮಣೆಯ ಮೇಲೆ ಬೇಳೆ ಒಡೆಯುವ ಸಣ್ಣ ಬೀಸುಕಲ್ಲು. ಕೀಲಿಗೆ ಎಣ್ಣೆ ಬಿಟ್ಟು, ಮೇಲಿನ ಕಲ್ಲು ಕೆಳಗಿನದಕ್ಕೆ ತಾಗದಂತೆ ಎತ್ತಿ ಕೂಡಿಸಿದ್ದಳು. ಜೋರಾಗಿ ತಿರುವಿ ಕೈಬಿಟ್ಟಳು. ಕಲ್ಲು ತಿರುಗಿ ತಿರುಗಿ ನಿಂತಿತು, ಮಣೆ ಅಲ್ಲಾಡಲಿಲ್ಲ. ಆಮೇಲೆ ಕಲಸಿದ ಜೋಳದ ಹಿಟ್ಟಿನ ಒಂದು ದೊಡ್ಡ ಮುದ್ದೆಯನ್ನು ಕಲ್ಲಿನ ಅಂಚಿಗೆ ಮೆತ್ತಿ ಮತ್ತೆ ತಿರುವಿದಳು. ಜೋರಿದ್ದಾಗ ಮಣೆ ಅಷ್ಟಾಗಿ ಅಲ್ಲಾಡಲಿಲ್ಲ. ವೇಗ ಇಳಿಯುತ್ತಾ ಒಂದು ಹದಕ್ಕೆ ಬಂದದ್ದೇ ತಡ, ದೆವ್ವ ಬಡಿದಂತೆ ಕುಣಿಯತೊಡಗಿತು. ಇನ್ನೂ ಇಳಿದಾಗ ತಣ್ಣಗಾಯಿತು. ಅಯ್ಯ, ನನ್ನ ಲಾರಿಯೇ ಅದು! ಹಗ್ಗವೇ ಪಾಟಾ, ಕಲ್ಲೇ ಗಾಲಿ.

ಕೊನೆಗೆ ಎದುರು ಅಂಚಿಗೆ ಅಷ್ಟೇ ಹಿಟ್ಟು ಮೆತ್ತಿ ತಿರುವಿದಳು. ಮಣೆ ಮಿಸುಕಲಿಲ್ಲ.

"ನಿನ್ನ ಗಾಲ್ಯಾಗ ಎಲ್ಲ್ಯೋ ಒಂದ್ ಕಡಿ ಹಿಟ್ಟು ಹತ್ತ್ಯದ, ನೋಡ್ಕೋ" ಅಂದಳು.

ಹಿಟ್ಟು ಮೆತ್ತಿದವನು ನಾನೇ ಎಂದು ಆಗ ಹೊಳೆಯಿತು. ಆ ಗಾಲಿಯ ಹರಿದ ಟೈರಿನ ಒಳಗೆ ಬಂದೋಬಸ್ತಾಗಿರಲಿ ಎಂದು ಎರಡೆರಡು ಪದರಿನ ತೇಪೆ ಹಚ್ಚಿ, ಅದನ್ನು ನಾಲ್ಕು ಜನಕ್ಕೆ ತೋರಿಸಿ ಮೆರೆದಿದ್ದೆ. ಆಕೆಗೆ ಒಂದು ಮಾತೂ ಹೇಳದೆ ಶೆಡ್ಡಿಗೆ ಓಡಿದೆ. ಗಾಲಿ ಎತ್ತಿ ತಿರುಗಿಸಿ ಬಿಟ್ಟರೆ ಪ್ರತಿ ಸಲವೂ ತೇಪೆಯ ಕಡೆಯೇ ಕೆಳಗೆ ಬಂದು ನಿಂತಿತು. ಹಳೆಯ ಬ್ಯಾಟರಿಯ ಸೀಸ ಕರಗಿಸಿ ಎದುರು ಕಡೆಗೆ ತಂತಿಯಿಂದ ಬಿಗಿದೆ.

ಸೋಮವಾರ ಗೊನೆಗಳು ತೋಟದಲ್ಲಿದ್ದಂತೆಯೇ ಗಂಜ್ ಮುಟ್ಟಿದವು. ಸಾವುಕಾರರು ಬೆನ್ನು ತಟ್ಟಿ, "ಹ್ಯಾಂಗ್ ಹಿಡದ್ಯೋ ಉಸ್ತಾದ್?" ಎಂದು ಎಲ್ಲರೆದುರು ಕೇಳಿದರು. ಉಸ್ತಾದ್! ಕಾಕಿ ಅಲ್ಲೇ ಉಳಿಯ ಗಂಟು ಕಂಕುಳಲ್ಲಿಟ್ಟುಕೊಂಡು ಲಾರಿಯಿಂದ ಇಳಿಯುತ್ತಿದ್ದಳು.

"ನಾನೇ ವಿಚಾರ ಮಾಡಿ ಹಿಡದೀನ್ರಿ" ಅಂದೆ.

ಆಕೆ ನನ್ನ ಮುಖ ನೋಡಿದಳು. ಈಗ ಬಾಯಿ ಬಿಡುತ್ತಾಳೆ, ನನ್ನ ಮಾನ ಹೋಯಿತು ಅಂದುಕೊಂಡೆ. "ಹೌದ್ರಿ ಸಾವಕಾರ್ರ, ಹುಡ್ಗ ಶ್ಯಾಣ್ಯಾ ಅದಾನ" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಆಕೆ ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆ. ಬುದ್ಧಿಯೂ ಆಕೆಯದೇ, ದೊಡ್ಡತನವೂ ಆಕೆಯದೇ ಆದರೆ ನನಗೆ ಉಳಿದದ್ದೇನು? ಹೊಟ್ಟೆಕಿಚ್ಚು. ಮುಂದಿನ ವಾರ ಕಮಲಾಪುರದಲ್ಲಿ ಆಕೆ ಕೈ ಅಡ್ಡ ಮಾಡಿದಾಗ "ಜಾಗಾ ಇಲ್ಲ ಕಾಕಿ" ಅಂದೆ. ಪಕ್ಕದ ಸೀಟು ಖಾಲಿಯಿತ್ತು. ಅದು ಆಕೆಗೂ ಕಾಣುತ್ತಿತ್ತು. ಮತ್ತೆಂದೂ ಆಕೆ ನನ್ನ ಲಾರಿಗೆ ಕೈ ಅಡ್ಡ ಮಾಡಲಿಲ್ಲ. ಹಿಟ್ಟಿನ ಗಿರಣಿಗಳು ಬಂದವು, ಕಲ್ಲು ಕಟೆಸುವವರು ಕಡಿಮೆಯಾದರು. ಒಂದು ದಿನ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಎಲ್ಲಿ ಹೋದಳೋ... ನಾನು ಯಾರನ್ನೂ ಕೇಳಲಿಲ್ಲ.

ಆ ಅಂಗಡಿಯಲ್ಲಿ ಮೊಮ್ಮಗ ನಗುತ್ತಾ, "ನಮ್ಮ ಮುತ್ಯಾ ಈ ಮಷಿನ್ ಇಲ್ಲದ ಕಾಲಕ್ಕೇ ಇದನ್ನ ಮಾಡ್ಯಾನ್ರಿ" ಅಂದ. ಅಂಗಡಿಯವನು ಕಣ್ಣರಳಿಸಿ ಕೇಳಿದ: "ಹೌದೇನ್ರಿ ಮುತ್ಯಾ? ಯಾರ್ ಕಲಿಸಿದ್ರು?"

ಸೀಸದ ತುಂಡು ಇನ್ನೂ ಮುಷ್ಟಿಯಲ್ಲೇ ಇತ್ತು. ಸಾವುಕಾರರು ಇಲ್ಲ, ಲಾರಿ ಇಲ್ಲ, ಕಾಕಿಯೂ ಇರಲಿಕ್ಕಿಲ್ಲ. ಖರೇ ಹೇಳಿದರೆ ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ.

"ಯಾರೂ ಇಲ್ಲಪಾ, ನಾನೇ ಹಿಡದೀನಿ" ಅಂದೆ.

ಆಕೆ ಅಲ್ಲಿದ್ದಿದ್ದರೆ ಈಗಲೂ "ಹೌದ್ರಿ, ಹುಡ್ಗ ಶ್ಯಾಣ್ಯಾ ಅದಾನ" ಅಂತಲೇ ಹೇಳುತ್ತಿದ್ದಳು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯುತ್ತದೆ.