ತೊಂಬತ್ತೊಂದು ದಿನದ ಕಾಗದ

ಪತ್ರಿಕೆಯ ವಾಣಿಜ್ಯ ಪುಟ ಓದುವ ಚಟ ನನಗೆ ಯಾವಾಗ ಅಂಟಿತೋ ನೆನಪಿಲ್ಲ. ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ನನ್ನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಊರಿಗೆ ಹೋಗುವ ಬಸ್ ಚಾರ್ಜು ಮಾತ್ರ. ಆದರೂ ಮದರಾಸಿನ ಇಂಗ್ಲಿಷ್ ಪತ್ರಿಕೆ ಬಂದ ಕೂಡಲೇ ನಾನು ಮೊದಲು ಬಿಡಿಸುತ್ತಿದ್ದದ್ದು ಆ ಪುಟ. ಸರಕಾರ ಈ ವಾರ ಎಷ್ಟು ಸಾಲ ಎತ್ತಿತು, ಯಾವ ದರಕ್ಕೆ ಎತ್ತಿತು ಎಂದು ನಾನು ವಿವರಿಸಲು ಶುರುಮಾಡಿದರೆ ಉಳಿದ ಮಾಸ್ಟ್ರುಗಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಯಾರಿಗೂ ಬೇಡವಾದ ಈ ವಿದ್ಯೆಯನ್ನು ನಾನು ಕೊನೆಗೆ ತಂದು ಸುರಿದದ್ದು ನನ್ನ ಅಕ್ಕನ ತಲೆಯ ಮೇಲೆ.

ಅಕ್ಕನದ್ದು ತೋಡಾರಿನಲ್ಲಿ ಅಕ್ಕಿ ಮಿಲ್ಲು. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಯ ಅಳಿಯಸಂತಾನದ ಪದ್ಧತಿಯಂತೆ ಅವಳು ಅಲ್ಲೇ ಇದ್ದ ತಾಯಿಮನೆಗೆ ಮರಳಿದ್ದಳು. ತನ್ನ ಪಾಲಿಗೆ ಬಂದ ದುಡ್ಡನ್ನೆಲ್ಲ ಹಾಕಿ ರಸ್ತೆ ಬದಿಯಲ್ಲಿ ಮಿಲ್ಲು ಕಟ್ಟಿಸಿದಾಗ ಹೆಂಗಸಿನ ಮಿಲ್ಲು ಎಷ್ಟು ದಿನ ಎಂದು ನಕ್ಕವರು ಬಹಳ ಮಂದಿ. ಅವರ ಬಾಯಿ ಮುಚ್ಚಿಸಿದ್ದು ಅವಳ ಒಂದೇ ಒಂದು ಕಟ್ಟಳೆ: ಭತ್ತ ತಂದವನ ಕೈಗೆ ಮೊದಲು ದುಡ್ಡು, ಆಮೇಲೆ ಗಾಡಿಯಿಂದ ಮೂಟೆ ಇಳಿಸುವುದು. ಮೂಡುಬಿದಿರೆಯ ಕಡೆ ಹೊಸದಾಗಿ ಬಂದ ದೊಡ್ಡ ಮಿಲ್ಲಿನವರು ಹೆಚ್ಚು ಬೆಲೆ ಕೊಡುತ್ತೇವೆ ಎನ್ನುತ್ತಿದ್ದರು, ಆದರೆ ದುಡ್ಡಿಗೆ ವಾರಗಟ್ಟಲೆ ಸತಾಯಿಸುತ್ತಿದ್ದರು. ರೈತರು ಅಕ್ಕನನ್ನು ಬಿಟ್ಟು ಹೋಗದೆ ಇದ್ದದ್ದು ಆ ಕಟ್ಟಳೆಯಿಂದಲೇ. ಅದು ಒಂದು ಸಲ ತಪ್ಪಿದರೂ ಮಿಲ್ಲಿಗೆ ಬೀಗ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಳೆಗಾಲದಲ್ಲಿ ಮಿಲ್ಲು ನಿಲ್ಲುತ್ತಿತ್ತು. ಕುಚ್ಚಲಕ್ಕಿಯ ಭತ್ತ ಬೇಯಿಸಿದರೆ ಅಂಗಳದಲ್ಲಿ ಒಣಗಬೇಕು, ಒಣಗಲು ಬಿಸಿಲು ಬೇಕು. ಜೂನಿನ ಕೊನೆಗೆ ಕೊನೆಯ ಅಕ್ಕಿ ಮಾರಿ ಬಂದ ದುಡ್ಡು ಅಕ್ಟೋಬರಿನಲ್ಲಿ ಹೊಸ ಭತ್ತ ಬರುವವರೆಗೆ ಅವಳ ಟ್ರಂಕಿನಲ್ಲಿ ಮಲಗಿರುತ್ತಿತ್ತು. ನನಗೆ ಅದನ್ನು ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು. ಸರಕಾರ ಸಾಲ ಎತ್ತಲು ಮಾರುವ ಟ್ರೆಜರಿ ಬಿಲ್ಲೆಂಬ ಕಾಗದದ ಅವಧಿ ತೊಂಬತ್ತೊಂದು ದಿನ. ನಮ್ಮ ಮಳೆಗಾಲಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಇತ್ತು. ಇಪ್ಪತ್ತೈದು ಸಾವಿರದ ಕಾಗದವನ್ನು ಸ್ವಲ್ಪ ಕಡಿಮೆಗೆ ಕೊಳ್ಳುವುದು, ಅವಧಿ ಮುಗಿದ ದಿನ ಪೂರ್ತಿ ಇಪ್ಪತ್ತೈದು ಸಾವಿರ ಪಡೆಯುವುದು. ಅದಕ್ಕಿಂತ ಸಣ್ಣ ಕಾಗದವೇ ಇರಲಿಲ್ಲ. ಅಕ್ಕನ ಟ್ರಂಕಿನಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಎರಡು ಮಳೆಗಾಲ ಅವಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸರಕಾರ ಕಡ್ಡಾಯ ಲೆವಿಗೆ ಅಕ್ಕಿ ಎತ್ತಿಕೊಂಡು ಹೋದದ್ದಕ್ಕೆ ದುಡ್ಡು ಕೊಡಲು ಎಷ್ಟು ತಿಂಗಳು ತೆಗೆದುಕೊಂಡಿತ್ತು ಎಂದು ನನಗೇ ನೆನಪು ಮಾಡಿದಳು. ಮೂರನೆಯ ಮಳೆಗಾಲಕ್ಕೆ ಒಪ್ಪಿದಳು, ಬಹುಶಃ ನನ್ನ ಕಾಟ ತಡೆಯಲಾಗದೆ. ಮೂಡುಬಿದಿರೆಯ ಬ್ಯಾಂಕಿನ ಏಜೆಂಟರು, ಎಂದರೆ ಈಗಿನ ಮ್ಯಾನೇಜರು, ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಅವರ ಶಾಖೆಯಿಂದ ಬಿಲ್ಲು ಕೊಳ್ಳಲು ಹೀಗೆ ಯಾರೂ ಮದರಾಸಿಗೆ ಟೆಂಡರು ಕಳಿಸಿರಲಿಲ್ಲವಂತೆ. ಕಾಗದವನ್ನು ತಮ್ಮ ಮದರಾಸು ಶಾಖೆಯಲ್ಲೇ ಇಡುವುದು ಒಳ್ಳೆಯದು, ಓಡಾಟ ಉಳಿಯುತ್ತದೆ ಎಂದರು. ಅಕ್ಕ ಒಪ್ಪಲಿಲ್ಲ. ತನ್ನ ದುಡ್ಡು ಹೋದ ಮೇಲೆ ಅದರ ಕಾಗದವಾದರೂ ತನ್ನ ಮನೆಯಲ್ಲಿರಬೇಕು ಎಂದು ಹಟ ಹಿಡಿದಳು.

ಕಾಗದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಅಕ್ಕ ಮತ್ತೆ ಮತ್ತೆ ಬರಬೇಕಾಗುವುದು ಬೇಡವೆಂದು ಏಜೆಂಟರು ಅದರ ಹಿಂಬದಿಗೆ ಆಗಲೇ ಅವಳ ರುಜು ಹಾಕಿಸಿದರು. ಅವಧಿ ಮುಗಿಯುವ ನಾಲ್ಕೈದು ದಿನ ಮೊದಲೇ ತಮ್ಮ ಕೈ ಸೇರಬೇಕು, ಕಾಗದ ನೋಡದೆ ಮದರಾಸಿನವರು ಒಂದು ಪೈಸೆ ಕೊಡುವುದಿಲ್ಲ ಎಂದೂ ಎಚ್ಚರಿಸಿದರು. ರುಜು ಬಿದ್ದ ಕಾಗದ ಯಾರ ಕೈಗೆ ಸಿಕ್ಕರೂ ದುಡ್ಡಾಗುತ್ತದೆ ಎಂದ ಮೇಲೆ ಅಕ್ಕನಿಗೆ ಅದನ್ನು ಟ್ರಂಕಿನಲ್ಲಿಡಲು ಧೈರ್ಯ ಬರಲಿಲ್ಲ. ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮಾವನ ಕೈಗೆ ಕೊಟ್ಟಳು.

ಮಾವ ಎಂದರೆ ನಮ್ಮ ತಾಯಿಯ ಅಣ್ಣ, ಮನೆಯ ಯಜಮಾನರು. ಮನೆಯ ದೈವದ ಭಂಡಾರದ ಕೋಣೆಯ ಬೀಗದ ಕೈ ಅವರ ಹತ್ತಿರ ಇರುತ್ತಿತ್ತು. ದೈವದ ಖಡ್ಗ, ಗಂಟೆ, ಬೆಳ್ಳಿಯ ಮೊಗ ಇದ್ದ ಮರದ ಪೆಟ್ಟಿಗೆಯಲ್ಲಿ ಅವರು ಆ ಲಕೋಟೆಯನ್ನು ಇಟ್ಟರು. ಆ ಪೆಟ್ಟಿಗೆಗೆ ಕೈಹಾಕುವ ಕಳ್ಳ ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ. ಸರಕಾರಕ್ಕೂ ಈಗ ದೈವದ ಕಾವಲು ಬೇಕಾಯಿತು ಎಂದು ನಾನು ತಮಾಷೆ ಮಾಡಿದೆ. ದೈವಗೀವ ಎಂದರೆ ನಾನಾಗ ಮೂಗು ಮುರಿಯುತ್ತಿದ್ದೆ. ಮಾವ ನಗಲಿಲ್ಲ.

ಅವಧಿ ಮುಗಿಯಲು ಒಂಬತ್ತು ದಿನ ಇದ್ದಾಗ, ಮುಂಡಾಜೆಯಲ್ಲಿದ್ದ ನಮ್ಮ ಕುಟುಂಬದ ದೊಡ್ಡಜ್ಜಿ ತೀರಿಕೊಂಡರು. ಬೆಳ್ತಂಗಡಿಗೆ ಸುದ್ದಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ತುಂಬು ವಯಸ್ಸಿನ ಸಾವು, ದುಃಖಕ್ಕಿಂತ ಓಡಾಟವೇ ಹೆಚ್ಚು. ಮುಂಡಾಜೆಯ ಬಸ್ಸಿನಲ್ಲಿ ಕುಳಿತ ಮೇಲೆ ಕಾಗದ ನೆನಪಾಯಿತು. ಕುಟುಂಬಕ್ಕೆಲ್ಲ ಸೂತಕ. ಹದಿನಾರನೆಯ ದಿನದ ಉತ್ತರಕ್ರಿಯೆ, ನಮ್ಮ ಬೊಜ್ಜ, ಮುಗಿದು ಮನೆ ಶುದ್ಧವಾಗುವವರೆಗೆ ಭಂಡಾರದ ಬಾಗಿಲು ತೆರೆಯುವಂತಿಲ್ಲ.

ಅಂದರೆ ಬಿಲ್ಲಿನ ದಿನ ಕಳೆದು ಒಂದು ವಾರಕ್ಕೆ ಕಾಗದ ಹೊರಗೆ ಬರುತ್ತದೆ, ಮದರಾಸಿಗೆ ಹೋಗಿ ದುಡ್ಡಾಗಲು ಮತ್ತೊಂದು ವಾರ. ಅಷ್ಟರಲ್ಲಿ ಊರಿನ ಗದ್ದೆಗಳ ಕೊಯ್ಲು ಮುಗಿದು, ಗಾಡಿಗಳೆಲ್ಲ ಅಕ್ಕನ ಅಂಗಳ ದಾಟಿ ಆ ದೊಡ್ಡ ಮಿಲ್ಲಿಗೆ ಹೋಗಿರುತ್ತವೆ.

ಮಾವನ ಹತ್ತಿರ ನಾನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಕಾಗದ ಎಲ್ಲಿಗೂ ಓಡುವುದಿಲ್ಲ ಮಾರಾಯ. ಹದಿನಾರು ದಿನ ಅಲ್ಲಿಯೇ ಇರ್ತದೆ" ಎಂದರು. ಆ ಸಮಾಧಾನ ಕಂಡು ನನಗೆ ಮೈ ಉರಿಯಿತು. ಅಕ್ಕ ಪಕ್ಕದಲ್ಲೇ ನಿಂತು ಮಾವನ ಮಾತಿಗೆ ತಲೆಯಾಡಿಸಿದಳು. ಅದಕ್ಕೂ ಮೈ ಉರಿಯಿತು.

ಮರುದಿನ ಶಾಲೆಗೆ ರಜೆ ಹಾಕಿ ಬಂಟ್ವಾಳಕ್ಕೆ ಹೋದೆ. ತೀರಿಕೊಂಡ ಭಾವನ ಹಳೆಯ ಸ್ನೇಹಿತರೊಬ್ಬರು ಅಲ್ಲಿಯ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಹದಿನೈದು ದಿನದ ಮಟ್ಟಿಗೆ ಕೈಗಡ ಕೇಳೋಣ ಎಂದುಕೊಂಡಿದ್ದೆ. ಅವರು ಕಾಫಿ ತರಿಸಿ, ಅದೂ ಇದೂ ಮಾತಾಡಿ, ನಾನು ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ಮೆಲ್ಲಗೆ ಕೇಳಿದರು: "ಅಕ್ಕನ ಕೈಯಲ್ಲಿ ದುಡ್ಡಿಲ್ವಾ ಮಾಸ್ಟ್ರೆ?" ಗದ್ದಿಗೆಯ ಆಚೆ ಕುಳಿತಿದ್ದ ಇಬ್ಬರು ವ್ಯಾಪಾರಿಗಳು ನನ್ನತ್ತ ತಿರುಗಿದರು. ಛೆ ಛೆ, ಅಕ್ಕನಿಗೆ ಏನು ಕಡಿಮೆ, ನಾನೊಂದು ಸೈಟು ನೋಡುತ್ತಿದ್ದೇನೆ ಎಂದು ಸುಳ್ಳು ಹೇಳಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅಂಗಡಿಯಿಂದ ಬಸ್ಸಿಗಿಂತ ಮೊದಲು ಆ ಪ್ರಶ್ನೆ ಮೂಡುಬಿದಿರೆ ತಲುಪಿಬಿಟ್ಟರೆ ಎಂಬ ಹೆದರಿಕೆ ದಾರಿಯುದ್ದಕ್ಕೂ ನನ್ನನ್ನು ತಿಂದಿತು.

ಐದನೆಯ ದಿನದ ಕ್ರಿಯೆಗೆ ಮನೆಯವರೆಲ್ಲ ಮುಂಡಾಜೆಗೆ ಹೊರಟರು. ನನಗೆ ಜ್ವರ ಎಂದೆ. ಅಕ್ಕ ಹಣೆ ಮುಟ್ಟಿ ನೋಡಿದಳು. ಹಣೆ ನಿಜಕ್ಕೂ ಬಿಸಿಯಾಗಿತ್ತು.

ಬೀಗದ ಕೈ ಮಾವನ ಮಂಚದ ತಲೆದೆಸೆಯ ಗೂಡಿನಲ್ಲಿ ಇರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಅಡಗಿಸಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ನಡುಮಧ್ಯಾಹ್ನ, ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಐದು ದಿನದಿಂದ ದೀಪ ಹಚ್ಚದ ಆ ಕೋಣೆಯಲ್ಲಿ ಎಣ್ಣೆಯ ಕಮಟು ವಾಸನೆ. ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ಭಾಷಣ ಬಿಗಿಯುತ್ತಿದ್ದ ನನ್ನ ಕೈ ಪೆಟ್ಟಿಗೆಯ ಮುಚ್ಚಳ ಎತ್ತುವಾಗ ಗಂಟೆಗೆ ತಾಗಿ, ಅದು ಒಂದು ಸಲ ಸದ್ದು ಮಾಡಿತು. ನಾನು ಹೆದರಿದೆ. ಹೆದರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಲಕೋಟೆಯ ಅಂಟು ಬಿಡಿಸಿ ಕಾಗದ ತೆಗೆದೆ, ಲಕೋಟೆಯನ್ನು ಮತ್ತೆ ಅಂಟಿಸಿ ಇದ್ದಲ್ಲೇ ಇಟ್ಟೆ. ಸಂಜೆಯೊಳಗೆ ಕಾಗದ ಏಜೆಂಟರ ಮೇಜಿನ ಮೇಲಿತ್ತು.

ಅಲ್ಲಿಂದಾಚೆ ನಾನು ಬೆಳ್ತಂಗಡಿಯಲ್ಲಿ ದಿನ ಎಣಿಸಿದೆ. ಅಕ್ಕನಿಗೆ ಹೇಳಿರಲಿಲ್ಲ. ದುಡ್ಡು ಕೈಗೆ ಬಂದ ಮೇಲೆ ಹೇಳಿದರೆ ಬೈದು ಸುಮ್ಮನಾಗುತ್ತಾಳೆ, ಒಳಗೊಳಗೆ ಸಂತೋಷವನ್ನೇ ಪಡುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಬಿಲ್ಲಿನ ದಿನ ಮುಗಿದ ಮೇಲಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮೂಡುಬಿದಿರೆಗೆ ಬಂದೆ. ಏಜೆಂಟರು ಬ್ಯಾಂಕಿನ ಹೊರಗೇ ಸಿಕ್ಕರು. ತಂತಿ ಬಂದಿತ್ತು. ಇಪ್ಪತ್ತೈದು ಸಾವಿರ ಅಕ್ಕನ ಖಾತೆಯಲ್ಲಿತ್ತು. ತೋಡಾರಿನವರೆಗೆ ನಾನು ಬಸ್ಸಿನಲ್ಲಿ ಕುಳಿತುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತು ಬಂದೆ.

ಮಿಲ್ಲಿನ ಅಂಗಳದಲ್ಲಿ ಏಳೆಂಟು ಗಾಡಿ ನಿಂತಿದ್ದವು. ಮೂಟೆಗಳು ಇಳಿಯುತ್ತಿದ್ದವು. ಯಾರ ಕೈಯಲ್ಲೂ ದುಡ್ಡು ಕಾಣಲಿಲ್ಲ. ಅಕ್ಕ ತಕ್ಕಡಿಯ ಹತ್ತಿರ ನಿಂತು ತೂಕ ಬರೆಸುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು.

ಗುರುವಾರ ಅವಳು ರೈತರನ್ನೆಲ್ಲ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳಂತೆ. ದುಡ್ಡು ಕಾಗದವಾಗಿ ದೈವದ ಭಂಡಾರದಲ್ಲಿದೆ, ಸೂತಕ ಕಳೆಯದೆ ತೆಗೆಯುವಂತಿಲ್ಲ, ಕಾಯುವ ಮನಸ್ಸಿದ್ದವರು ಕಾಯಿರಿ, ಇಲ್ಲದವರು ಬೇರೆ ಕಡೆ ಹೋದರೆ ತನಗೆ ಬೇಸರವಿಲ್ಲ ಎಂದಿದ್ದಳು. ಒಬ್ಬನೂ ಹೋಗಲಿಲ್ಲ. ಅವಳ ಮೊದಲ ವರ್ಷದಿಂದಲೂ ಭತ್ತ ತರುತ್ತಿದ್ದ ಒಬ್ಬ ಮುದುಕ ಎಲ್ಲರ ಪರವಾಗಿ ಹೇಳಿದನಂತೆ: "ಭಂಡಾರದಲ್ಲಿ ಉಂಟಾದರೆ ನಮ್ಮ ಮನೆಯಲ್ಲೇ ಉಂಟು, ಅಕ್ಕೆರೆ. ಮೂಟೆ ಇಳಿಸುವ."

ಇದನ್ನು ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು. ನಾನು ಅವಳನ್ನು ಮಿಲ್ಲಿನ ಹಿಂದೆ ಕರೆದುಕೊಂಡು ಹೋಗಿ, ತಲೆ ತಗ್ಗಿಸಿ, ಮಾಡಿದ್ದನ್ನೆಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಕೇಳಿದ್ದು ಒಂದೇ: "ನಾನು ಗುರುವಾರ ಅವರಿಗೆ ಹೇಳುವಾಗ ಅದು ಅಲ್ಲಿ ಇರಲಿಲ್ವಾ?"

ಇರಲಿಲ್ಲ ಎಂದೆ.

ಈಗಲೇ ದುಡ್ಡು ತೆಗೆದು ಹಂಚಿಬಿಡೋಣ, ಯಾರೋ ಸಾಲ ಕೊಟ್ಟರು ಎಂದರಾಯಿತು ಎಂದು ನಾನು ತೊದಲಿದೆ. ಕೊಟ್ಟವರು ಯಾರೆಂದು ಬೆಳಗಾಗುವುದರೊಳಗೆ ಊರೇ ಕೇಳುತ್ತದೆ, ಭಂಡಾರ ತೆರೆದದ್ದು ಹೊರಗೆ ಬರುತ್ತದೆ, ಮಾವ ತಲೆ ಎತ್ತಿ ತಿರುಗುವುದು ಹೇಗೆ ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ತಕ್ಕಡಿಯ ಹತ್ತಿರ ಹೋದಳು. ಮತ್ತೆ ಗಾಡಿಯವರ ಮುಖ ನೋಡಿ ಮಾತಾಡಲಿಲ್ಲ, ತೂಕದ ಮುಳ್ಳನ್ನೇ ನೋಡುತ್ತಿದ್ದಳು.

ಬೊಜ್ಜ ಮುಗಿಯಿತು. ಮನೆ ಶುದ್ಧವಾದ ದಿನ ಮಾವ ದೀಪ ಹಚ್ಚಿ, ಪೆಟ್ಟಿಗೆ ತೆರೆದು, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಜಗಲಿಯ ಕೆಳಗೆ ಆ ಮುದುಕನೂ ಇನ್ನು ನಾಲ್ಕು ಮಂದಿ ರೈತರೂ ನಿಂತಿದ್ದರು. ಅಕ್ಕ ಸೆರಗೊಡ್ಡಿ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬರಿಯ ಲಕೋಟೆ. ಒಳಗೆ ಏನೂ ಇಲ್ಲವೆಂದು ಆ ಜಗಲಿಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಮುದುಕ ನಿಂತಲ್ಲೇ ಕೈಮುಗಿದ.

ಅದಾದ ಮೇಲೂ ಅವಳು ಒಂದು ವಾರ ಕಾದಳು, ಕಾಗದ ಮದರಾಸಿಗೆ ಹೋಗಿ ದುಡ್ಡಾಗುವಷ್ಟು ದಿನ. ಆ ವಾರದಲ್ಲೇ ಮುದುಕನ ಹೆಂಡತಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಅವನು ಬಂದು ಸಂಕೋಚದಿಂದ, ಸ್ವಲ್ಪವಾದರೂ ಮೊದಲೇ ಆದೀತಾ ಎಂದ. ಬ್ಯಾಂಕಿನಲ್ಲಿ ಅವಳದೇ ದುಡ್ಡು ಇತ್ತು, ವಾರ ತುಂಬದೆ ಮುಟ್ಟುವಂತಿರಲಿಲ್ಲ. ಅಕ್ಕ ಒಳಗೆ ಹೋಗಿ ಕೈಯ ಬಳೆ ಕಳಚಿ, ಮೂಡುಬಿದಿರೆಯಲ್ಲಿ ಅಡವಿಡಲು ನನ್ನ ಕೈಗೆ ಕೊಟ್ಟಳು. ಆ ಬಳೆ ಹಿಡಿದು ಬಸ್ಸಿಗೆ ಕಾದ ಹೊತ್ತು ನನ್ನ ಬದುಕಿನಲ್ಲಿ ನಾನು ಅತ್ಯಂತ ಸಣ್ಣವನಾದ ಹೊತ್ತು.

ಎಲ್ಲರ ದುಡ್ಡೂ ಸಂದಾಯವಾಯಿತು, ಬಳೆಯನ್ನೂ ಬಿಡಿಸಿ ತಂದೆ. ಬಿಲ್ಲಿನಿಂದ ಬಂದ ಲಾಭ ನನ್ನ ಎರಡು ತಿಂಗಳ ಸಂಬಳದಷ್ಟಿತ್ತು. ಅದರಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ ಅಕ್ಕ ನನ್ನ ಹೆಸರಿನಲ್ಲಿ ದೈವಕ್ಕೆ ತಂಬಿಲದ ಪೂಜೆ ಮಾಡಿಸಿದಳು. ನಾನು ಮೈ ತೊಳೆದು, ಅಡ್ಡ ಪಂಚೆ ಉಟ್ಟು, ಕೈಮುಗಿದು ನಿಂತೆ. ಅಳಿಯನಿಗೆ ಕೊನೆಗೂ ಬುದ್ಧಿ ಬಂತು ಎಂದು ಮಾವ ಸಂತೋಷಪಟ್ಟರು.

ಮುಂದಿನ ಮಳೆಗಾಲದಲ್ಲಿ ದುಡ್ಡು ಮತ್ತೆ ಟ್ರಂಕಿನಲ್ಲಿ ಮಲಗಿತು. ನಾನು ವಾಣಿಜ್ಯ ಪುಟದ ಮಾತೆತ್ತಲಿಲ್ಲ.

ಮಿಲ್ಲು ಮುಳುಗಲಿಲ್ಲ, ಬೆಳೆಯಿತು. ಒಂದು ವರ್ಷ ಭತ್ತ ಒಮ್ಮೆಲೇ ಬಂದು ಬಿದ್ದು, ಅಕ್ಕನ ಕೈಯಲ್ಲಿದ್ದದ್ದು ಮಧ್ಯಾಹ್ನಕ್ಕೇ ಮುಗಿಯಿತು. ನಾನೂ ಅಂಗಳದಲ್ಲಿದ್ದೆ. ಆ ಮುದುಕನ ಗಾಡಿ ಸರದಿಯಲ್ಲಿತ್ತು. ಅವನು ಹಗ್ಗ ಬಿಚ್ಚುತ್ತಾ ಹೇಳಿದ: "ದುಡ್ಡು ನಾಳೆಯಾದರೂ ಆದೀತು ಅಕ್ಕೆರೆ. ನಿಮ್ಮ ಮಾತು ಅಂದ್ರೆ ಭಂಡಾರದ ಮಾತು."

ಅಕ್ಕ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಮೂಟೆಗಳನ್ನು ಮತ್ತೆ ಕಟ್ಟಿದಳು. ಮನೆಗೆ ಹೋಗಿ, ಬಳೆ ಕಳಚಿ ತಂದು, ನನ್ನ ಮುಖ ನೋಡದೆ ನನ್ನ ಮುಂದೆ ಹಿಡಿದಳು. ನಾನು ಮೂಡುಬಿದಿರೆಗೆ ಹೋಗಿ ಬರುವವರೆಗೆ ಆ ಗಾಡಿ ಹಾಗೆಯೇ ನಿಂತಿತ್ತು.