ಖಂಡೇನವಮಿಯ ದಿನ ಓಡಿದ ಯಂತ್ರ

ಪರದೇಶದವರ ದುಡ್ಡು ಮುಳುಗಿಸಿದರೆ ಪಾಪ ತಟ್ಟುವುದಿಲ್ಲ ಎಂದು ನಮ್ಮ ಕಡೆಯ ವ್ಯಾಪಾರಸ್ಥರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾನು ಚಿಕ್ಕೋಡಿಯಲ್ಲಿ ವಕೀಲಿಕೆ ಮಾಡುವವಳು. ಹೊರದೇಶದ ಕಂಪನಿಗಳಿಗೆ ನಮ್ಮ ಭಾಗದಿಂದ ಬಾಕಿ ಬರಬೇಕಿದ್ದರೆ, ಮುಂಬೈಯ ವಕೀಲರ ಕಚೇರಿಯೊಂದು ಆ ಕೆಲಸವನ್ನು ನನಗೆ ಕಳಿಸುತ್ತದೆ. ನಿಪ್ಪಾಣಿಯಿಂದ ಅಥಣಿಯವರೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಜಗಳ ಆಡಬಲ್ಲ ಒಬ್ಬರು ಅವರಿಗೆ ಬೇಕು. ಜಗಳ ನನಗೆ ಚೆನ್ನಾಗಿ ಬರುತ್ತದೆ.

ಈ ಪ್ರಕರಣ ಮಾತ್ರ ನನ್ನ ತವರೂರು ಐನಾಪುರದ್ದೇ ಆಗಿತ್ತು. ನಮ್ಮ ಕಡೆ ಮಣೂಕ ಎನ್ನುವ ಒಣದ್ರಾಕ್ಷಿಯ ತೊಟ್ಟು ಬಿಡಿಸಿ, ತೊಳೆದು, ದಪ್ಪ ಸಣ್ಣ ಬೇರೆ ಮಾಡುವ ಯಂತ್ರವನ್ನು ನಮ್ಮೂರಿನ ದೊಡ್ಡ ವ್ಯಾಪಾರಿಯೊಬ್ಬರು ತುರ್ಕಿಯಿಂದ ತರಿಸಿದ್ದರು. ನಮ್ಮ ಮನೆಯ ಹಿಂದಿನ ಓಣಿಯವರು. ಚಿಕ್ಕಂದಿನಿಂದ ಕಾಕಾ ಎಂದು ಕರೆದ ಬಾಯಿ, ಎಷ್ಟೇ ಸಿಟ್ಟು ಬಂದರೂ ಅವರನ್ನು ಏಕವಚನದಲ್ಲಿ ಬೈಯಲು ತಿರುಗುವುದಿಲ್ಲ. ಅರ್ಧ ಹಣ ಮುಂಗಡ ಕೊಟ್ಟಿದ್ದರು. ಯಂತ್ರ ಬಂದು ಶೆಡ್ಡಿನಲ್ಲಿ ಕೂತ ಮೇಲೆ ಉಳಿದರ್ಧಕ್ಕೆ ಫೋನೂ ಎತ್ತಲಿಲ್ಲ.

ಕಂಪನಿ ಎಂದರೆ ಎಲ್ಲರೂ ಗಾಜಿನ ಕಟ್ಟಡ ನೆನೆಯುತ್ತಾರೆ. ಇದು ಐದಾರು ಜನ ಕೆಲಸಗಾರರಿದ್ದ ಒಂದು ವರ್ಕ್‌ಶಾಪು. ಅಪ್ಪ ತೀರಿಕೊಂಡ ಮೇಲೆ ಮಗಳು ನಡೆಸುತ್ತಿದ್ದಳು. ವಿಡಿಯೊ ಕರೆಯಲ್ಲಿ ಅವಳೂ ನಾನೂ ಅರೆಬರೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಈ ಬಾಕಿ ಬಾರದಿದ್ದರೆ ವರ್ಕ್‌ಶಾಪು ಮಾರಬೇಕಾಗುತ್ತದೆ ಎಂದು ಮೊದಲ ಸಲವೇ ಹೇಳಿದ್ದಳು. ಅವಳ ಹಿಂದೆ ಯಾರೋ ತಗಡು ಬಡಿಯುವ ಸದ್ದು ಕೇಳುತ್ತಿತ್ತು.

ನೋಟಿಸು ಕೊಡುವ ಮೊದಲು ನಾನೇ ಐನಾಪುರಕ್ಕೆ ಹೋದೆ. ಕಾಕಾ ಚಹಾ ಕುಡಿಸಿದರು, ಮಕ್ಕಳ ಶಾಲೆ ವಿಚಾರಿಸಿದರು. ವಿಷಯ ಎತ್ತಿದ ಕೂಡಲೇ ನಕ್ಕರು.

"ಆಕಿ ಏನ್ ನಮ್ಮ ಊರಾಕಿ ಏನ ತಂಗಿ? ಸಮುದ್ರದ ಆ ಕಡೆ ಕುಂತಾಳ. ಇಲ್ಲಿತನಕ ಬಂದು ಕೇಳ್ತಾಳನ?"

"ಆಕಿ ಬರೂದಿಲ್ರಿ ಕಾಕಾ. ಅದಕ್ಕ ನಾ ಬಂದೇನಿ" ಎಂದೆ.

ನೋಟಿಸಿಗೆ ಅವರ ವಕೀಲರಿಂದ ಉತ್ತರ ಬಂತು. ಕಳ್ಳನಿಗೊಂದು ಪಿಳ್ಳೆ ನೆವ. ಯಂತ್ರ ಬಂದ ದಿನದಿಂದ ಒಂದು ಗಳಿಗೆಯೂ ಓಡಿಲ್ಲವಂತೆ, ಗುಜರಿಗೆ ಹಾಕುವ ಮೋಡಕಾ ಸಾಮಾನು ಕಳಿಸಿದ್ದಾರಂತೆ. ಅದು ಜಾಗ ತಿಂದದ್ದಕ್ಕೆ ಕಂಪನಿಯೇ ಬಾಡಿಗೆ ಕೊಡಬೇಕಂತೆ! ಓದಿ ನನ್ನ ಮೈ ಉರಿಯಿತು. ದಾವೆ ಹಾಕಿದೆ. ಅದೇ ಸುಳ್ಳನ್ನು ಅವರು ಕೋರ್ಟಿನಲ್ಲೂ ಪ್ರಮಾಣ ಮಾಡಿ ಬರೆದುಕೊಟ್ಟರು. ಅಲ್ಲಿಂದ ಶುರುವಾದದ್ದು ತಾರೀಖಿನ ಮೇಲೆ ತಾರೀಖು. ತುರ್ಕಿಯಿಂದ ಬಂದ ವಟಮುಖತ್ಯಾರ ಪತ್ರದಲ್ಲಿ, ಅಂದರೆ ಆಕೆಯ ಪರವಾಗಿ ದಾವೆ ನಡೆಸಲು ಕೊಟ್ಟ ಅಧಿಕಾರಪತ್ರದಲ್ಲಿ, ಮೊಹರು ಸರಿಯಿಲ್ಲವೆಂದು ತಕರಾರು ತೆಗೆದು ತಿಂಗಳುಗಟ್ಟಲೆ ಎಳೆದರು.

ಬಾರ್ ರೂಮಿನಲ್ಲಿ ಗೆಳೆಯರು ನನ್ನನ್ನು "ತುರ್ಕಿ ಬಾಯಾರು" ಎಂದು ಚೇಷ್ಟೆ ಮಾಡಿದರು. ಅದನ್ನು ಸಹಿಸಿಕೊಂಡೆ. ಅವ್ವ ಫೋನು ಮಾಡಿ, ಉಂಡ ಮನೆಯ ಜಂತೆ ಎಣಿಸುವ ಮಗಳನ್ನು ಹೆತ್ತೆನಲ್ಲ ಎಂದದ್ದು ಸಹಿಸಲಾಗಲಿಲ್ಲ. ಆ ಮನೆಯಲ್ಲಿ ನಾನು ಉಂಡದ್ದೇನು, ಹಬ್ಬದ ಒಂದೆರಡು ಹೋಳಿಗೆ. ಅದಕ್ಕೆ ಎಲ್ಲೋ ಒಬ್ಬ ಹೆಣ್ಣುಮಗಳ ಅನ್ನ ಹೋಗಬೇಕೇ? ಕೇಳಿದರೆ ಅವ್ವ ಫೋನು ಇಟ್ಟುಬಿಟ್ಟಳು.

ಅಷ್ಟರಲ್ಲಿ ದಸರೆ ಬಂತು. ಖಂಡೇನವಮಿಗೆ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ. ಪೂಜೆ ಆದ ಮೇಲೆ ಯಂತ್ರವನ್ನು ತುಸು ಓಡಿಸಲೇಬೇಕು. ಅಂದು ನಿಂತ ಯಂತ್ರ ವರ್ಷವೆಲ್ಲ ನಿಲ್ಲುತ್ತದೆ ಎಂಬ ನಂಬಿಕೆ. ಮಧ್ಯಾಹ್ನ ಊಟ ಮಾಡಿ ಮೊಬೈಲ್ ತೆಗೆದರೆ, ಕಾಕಾನ ಸ್ಟೇಟಸ್ಸಿನಲ್ಲಿ ಒಂದು ವಿಡಿಯೊ. ಚೆಂಡುಹೂವಿನ ಮಾಲೆ, ಬಾಳೆಕಂಬ, ಕುಂಬಳಕಾಯಿ. ಕಾಕಾ ಸ್ವತಃ ಗುಂಡಿ ಒತ್ತಿದರು. ತುರ್ಕಿಯ ಯಂತ್ರ ಗರಗರ ತಿರುಗಿತು. ಒಂದು ಕಡೆ ತೊಟ್ಟು ಉದುರಿತು, ಇನ್ನೊಂದು ಕಡೆ ಹೊಳೆಯುವ ದ್ರಾಕ್ಷಿ ಸುರಿಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಕೋರ್ಟಿನ ಪ್ರಮಾಣಕ್ಕೆ ಅಂಜದವರು ಯಂತ್ರದ ಪೂಜೆ ತಪ್ಪಿಸಲು ಅಂಜಿದ್ದರು. ವಿಡಿಯೊ ಉಳಿಸಿಕೊಂಡು ಸಾಕ್ಷ್ಯವಾಗಿ ಹಾಕಿದೆ. ಮುಂದಿನ ತಾರೀಖಿಗೆ ಅದನ್ನು ನೋಡಿದ ನ್ಯಾಯಾಧೀಶರು, ಓಡದ ಯಂತ್ರ ಓಡಿದ್ದು ಹೇಗೆ ಎಂದು ಕೇಳಿದರು. ಅವರ ವಕೀಲರು ತೋಳು ಹಿಡಿದು ಜಗ್ಗುತ್ತಿದ್ದರೂ ಕಾಕಾ ಕೈಮುಗಿದು ಹೇಳಿದರು:

"ಖಂಡೇನವಮಿಗೆ ಮಷೀನ್ ಬಂದ್ ಇಡಾಕ ಬರತೈತೇನ್ರಿ ಸಾಹೇಬ್ರ? ಮಣೂಕದ ಸೀಜನ್ ಪೂರಾ ಅದರ ಮ್ಯಾಲ ಐತ್ರಿ."

ಅಲ್ಲಿಗೆ ದಾವೆ ಮುಗಿದಂತೆಯೇ. ರಾಜಿಗೆ ಬಂದು, ಬಾಕಿಯನ್ನು ಬಡ್ಡಿ ಸಮೇತ ಕಟ್ಟಿದರು. ದುಡ್ಡಿತ್ತು, ಕಟ್ಟುವ ಮನಸ್ಸಿರಲಿಲ್ಲ ಅಷ್ಟೆ.

ಹಣ ಮುಟ್ಟಿದ ದಿನ ನಾನು ತುರ್ಕಿಗೆ ಕರೆ ಮಾಡಿದೆ. ಅವಳು ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದಳು. ಹಿಂದೆ ಯಾವ ಸದ್ದೂ ಇರಲಿಲ್ಲ. ವರ್ಕ್‌ಶಾಪನ್ನು ಮಾರಿಯಾಗಿತ್ತು. ಅಪ್ಪ ಮಾಡಿಟ್ಟ ಅಚ್ಚುಗಳನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ದಿದ್ದರು. ನಿಮ್ಮಿಂದ ಕೆಲಸಗಾರರ ಬಾಕಿ ಸಂಬಳವಾದರೂ ಕೊಟ್ಟೇನು ಎಂದು ನನಗೆ ಉಪಕಾರ ಹೇಳಿದಳು. ಆ ಉಪಕಾರ ಕೇಳಿ ನನಗೆ ನಾಚಿಕೆಯಾಯಿತು, ಅಳು ಬಂತು. ಗೆದ್ದ ದಾವೆಗೆ ನಾನು ಅತ್ತದ್ದು ಅದೊಂದೇ ಸಲ.

ಈ ಸಲ ದ್ರಾಕ್ಷಿ ಒಣಗುವ ಹೊತ್ತಿಗೆ ಕಾಕಾನ ಫೋನು ಬಂತು, ಏನೂ ಆಗಿಲ್ಲವೆಂಬಂತೆ. ಯಂತ್ರದ ಜರಡಿ ಹರಿದಿತ್ತು.

"ಆಕಿಗೆ ಒಂದ್ ಮಾತ್ ಹೇಳ ತಂಗಿ, ಹೊಸಾದು ಕಳಸಲಿ. ರೊಕ್ಕ ಮೊದಲ ಹಾಕ್ತೇನಿ."

"ಆಕಿ ವರ್ಕ್‌ಶಾಪ್ ಮುಚ್ಚೈತ್ರಿ ಕಾಕಾ."

"ಯಾಕ?"

"ನೀವ ಮುಚ್ಚಿಸಿದ್ರಿ."

 ಹಾಗಾದರೆ ಜರಡಿಯ ಫೋಟೊ ಕಳಿಸಿದರೆ ಬೇರೆ ಯಾರಾದರೂ ಮಾಡಿಕೊಟ್ಟಾರೇನು ಎಂದು ಕಾಕಾ ಕೇಳಿದರು.